ಕಾರಿನ ಅಡಿಗೆ ವೇಸ್ಟ್ ಆಯಿಲ್ ಹೊಡೆದರೆ ತುಕ್ಕು ಹಿಡಿಯುವುದಿಲ್ಲವೇ? ಹಳೇ ಕಾರು ರಿಪೇರಿಯ ನಿಜ ಮತ್ತು ಸುಳ್ಳು

“ಗ್ಯಾರೇಜಿನಲ್ಲಿ ಪುಕ್ಕಟೆ ಸಿಗುವ ವೇಸ್ಟ್ ಆಯಿಲ್‌ಗೆ ಸ್ವಲ್ಪ ಡೀಸೆಲ್ ಬೆರೆಸಿ ಕಾರಿನ ಅಡಿಗೆ ಹೊಡೆಯಿರಿ, ಹತ್ತು ವರ್ಷ ತುಕ್ಕು ಮುಟ್ಟುವುದಿಲ್ಲ.” ಮಳೆಗಾಲ ಹತ್ತಿರ ಬಂದಾಗ ಇಂಥ ಮಾತು ಗ್ರೂಪಿನಿಂದ ಗ್ರೂಪಿಗೆ ಓಡುತ್ತದೆ. ಅದರ ಬೆನ್ನಿಗೇ “ರಬ್ಬರ್ ಕೋಟಿಂಗ್ ಮಾಡಿಸಿದರೆ ಸಾಕು”, “ಸ್ಪ್ರಿಂಗ್ ಒಂದು ಸುತ್ತು ಕತ್ತರಿಸಿದರೆ ಕಾರು ರೋಡಿಗೆ ಅಂಟಿಕೊಂಡು ಓಡುತ್ತದೆ”, “15 ವರ್ಷ ದಾಟಿದ ಕಾರು ಗುಜರಿಗೇ ಹೋಗಬೇಕು” ಎಂಬ ಮಾತುಗಳೂ ಬರುತ್ತವೆ.

ಚುಟುಕಾಗಿ ಹೇಳುವುದಾದರೆ, ಎಣ್ಣೆ ತುಕ್ಕನ್ನು ಸ್ವಲ್ಪ ಕಾಲ ತಡೆಯುತ್ತದೆ ಎಂಬುದು ಅರ್ಧ ಸತ್ಯ. ಆದರೆ ಅದೇ ಎಣ್ಣೆ ಕಾರಿನ ಸಸ್ಪೆನ್ಷನ್ ರಬ್ಬರನ್ನು ಹಾಳು ಮಾಡುತ್ತದೆ, ಬ್ರೇಕಿಗೆ ಅಪಾಯ ತರುತ್ತದೆ, ಒಳಗೆ ಆಗಲೇ ಇರುವ ತುಕ್ಕನ್ನು ಮುಚ್ಚಿಡುತ್ತದೆ. ಹಳೇ ಕಾರಿನ ಅಡಿಭಾಗದ ವಿಷಯದಲ್ಲಿ ಒಂದೇ ನಿಯಮ: ಮುಚ್ಚುವ ಮೊದಲು ನೋಡಿ. ಯಾಕೆ, ಹೇಗೆ ಎಂಬುದನ್ನು ಮುಂದೆ ಓದಿ.

ಈ ಮಾತು ಎಲ್ಲಿಂದ ಹುಟ್ಟಿತು?

ಹುಲಸೂರ, ಬಸವಕಲ್ಯಾಣ, ಹುಮನಾಬಾದ್ ಸುತ್ತ ವಾಹನ ರಿಪೇರಿ ಎಂದರೆ ಬಹುತೇಕ ಲಾರಿ ರಿಪೇರಿ. ಪುಣೆ–ಹೈದರಾಬಾದ್ ಹೆದ್ದಾರಿ 65 ಈ ಭಾಗದಲ್ಲೇ ಹಾದುಹೋಗುತ್ತದೆ. ಬಸವಕಲ್ಯಾಣದ ಆಟೋನಗರದಲ್ಲಿ ಲಾರಿ ಬಾಡಿ ಕಟ್ಟುವ, ಪಾಟಾ ಕೂರಿಸುವ ಕೆಲಸ ನಡೆಯುತ್ತದೆ. ಲಾರಿಯ ಚಾಸಿ ಎಂದರೆ ಹಲವು ಮಿ.ಮೀ. ದಪ್ಪದ ಎರಡು ಉದ್ದನೆಯ ಉಕ್ಕಿನ ತೊಲೆಗಳು. ಅದರ ಮೇಲೆ ತುಕ್ಕಿನ ಪದರ ಬಂದರೂ ಬಲ ಬೇಗ ಕುಗ್ಗುವುದಿಲ್ಲ. ಪಾಟಾ ಪಟ್ಟಿಗಳು ಒಂದಕ್ಕೊಂದು ಉಜ್ಜುವುದರಿಂದ ಅಲ್ಲಿಗೆ ಎಣ್ಣೆ ಬಿಡುವ ರೂಢಿಯೂ ಹಳೆಯದು.

ಕಾರು ಹಾಗಲ್ಲ. ಇಂದಿನ ಬಹುತೇಕ ಕಾರುಗಳಿಗೆ ಬೇರೆ ಚಾಸಿ ಇರುವುದಿಲ್ಲ. ಸುಮಾರು 1 ಮಿ.ಮೀ. ಅಥವಾ ಅದಕ್ಕಿಂತ ತೆಳ್ಳಗಿನ ತಗಡುಗಳನ್ನು ಮಡಿಚಿ, ಬೆಸೆದು ಪೆಟ್ಟಿಗೆಯಂತೆ ಮಾಡಿರುತ್ತಾರೆ. ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ, ಚಕ್ರದ ಗೂಡು ಎಲ್ಲ ಸೇರಿಯೇ ಬಲ. ಲಾರಿಯಲ್ಲಿ ಮೇಲುಮೇಲಿನ ತುಕ್ಕು ಎನಿಸುವಷ್ಟು ತುಕ್ಕು ಕಾರಿನ ತಗಡಿನಲ್ಲಿ ತೂತು ಮಾಡಬಲ್ಲದು. ಜೊತೆಗೆ ಕಾರಿನಲ್ಲಿ ಪಾಟಾ ಬದಲು ಕಾಯಿಲ್ ಸ್ಪ್ರಿಂಗ್, ಸ್ಟ್ರಟ್, ಹತ್ತಾರು ರಬ್ಬರ್ ಬುಶ್‌ಗಳು ಇರುತ್ತವೆ. ಆದ್ದರಿಂದ ಲಾರಿಗೆ ನಡೆದದ್ದು ಕಾರಿಗೆ ನಡೆಯುವುದಿಲ್ಲ.

ವೇಗದ ಹಳೇ ಕಾರಿನಲ್ಲಿ ಅಪಾಯ ಯಾಕೆ ಹೆಚ್ಚು?

ನಮ್ಮಲ್ಲಿ ಈಗ ಹುಡುಗರು ಹುಡುಕಿ ತರುವ ಹಳೇ ವೇಗದ ಕಾರುಗಳು ಹೆಚ್ಚಾಗಿ 1999ರಿಂದ 2006ರ ನಡುವಿನವು. 1.5 ಲೀಟರ್ ಹೋಂಡಾ ಸಿಟಿ ವಿಟೆಕ್, ಸುಮಾರು 100 ಅಶ್ವಶಕ್ತಿಯ ಫಿಯೆಟ್ ಪಾಲಿಯೊ 1.6, ಫೋರ್ಡ್ ಐಕಾನ್ 1.6, ಹಳೇ ಮಾರುತಿ ಬಲೆನೊ, 150 ಅಶ್ವಶಕ್ತಿಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಹೀಗೆ. ಇಂಜಿನ್ ಗಟ್ಟಿ, ಬೆಲೆ ಕಡಿಮೆ, ಓಡಿಸುವ ಖುಷಿ ಹೆಚ್ಚು. ಆದರೆ ಇಂಜಿನ್ ಇನ್ನೂ ಗಟ್ಟಿ ಇದ್ದ ಮಾತ್ರಕ್ಕೆ ಇಪ್ಪತ್ತು ವರ್ಷದ ರಬ್ಬರು, ತಗಡು, ಬ್ರೇಕ್ ಪೈಪು ಗಟ್ಟಿ ಇರುತ್ತವೆ ಎಂದಲ್ಲ.

ವೇಗ 60ರಿಂದ 100 ಕಿ.ಮೀ.ಗೆ ಏರಿದರೆ ಕಾರಿನ ಚಲನಶಕ್ತಿ ಸುಮಾರು 2.8 ಪಟ್ಟು ಆಗುತ್ತದೆ. ಬ್ರೇಕ್ ಒತ್ತಿದಾಗ ಅಷ್ಟನ್ನೂ ತಡೆದುಕೊಳ್ಳಬೇಕಾದದ್ದು ನಾಲ್ಕು ಟೈರು, ಅವುಗಳನ್ನು ಹಿಡಿದಿರುವ ಲೋವರ್ ಆರ್ಮ್, ಬಾಲ್ ಜಾಯಿಂಟ್, ಬುಶ್. ಊರೊಳಗೆ 40ರಲ್ಲಿ ಬರೀ “ಕಟಕಟ” ಎನ್ನುವ ಬಾಲ್ ಜಾಯಿಂಟ್, ಹೆದ್ದಾರಿಯಲ್ಲಿ ಕಳಚಿದರೆ ಚಕ್ರವೇ ಮಗುಚಿಕೊಳ್ಳುತ್ತದೆ.

ತುಕ್ಕು ಎಂದರೇನು? ನಮ್ಮ ಕಡೆ ಯಾಕೆ ಹಿಡಿಯುತ್ತದೆ?

ಕಬ್ಬಿಣ, ನೀರು, ಗಾಳಿಯ ಆಮ್ಲಜನಕ ಮೂರೂ ಸೇರಿದರೆ ತುಕ್ಕು. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಅದಕ್ಕೇ ಪೇಂಟಿನ ಕೆಳಗೆ ಅದು ಗುಳ್ಳೆಯಂತೆ ಉಬ್ಬುತ್ತದೆ, ಹಕ್ಕಳೆಯಾಗಿ ಉದುರುತ್ತದೆ, ಒಳಗಿನ ಹೊಸ ಕಬ್ಬಿಣ ಮತ್ತೆ ಗಾಳಿಗೆ ತೆರೆದುಕೊಳ್ಳುತ್ತದೆ. ಉಪ್ಪು ಸೇರಿದರೆ ಈ ಕ್ರಿಯೆ ಇನ್ನೂ ಬೇಗ.

“ನಮ್ಮದು ಬರಡು ನಾಡು, ಕಡಲು ದೂರ, ಇಲ್ಲಿ ತುಕ್ಕು ಬರುವುದಿಲ್ಲ” ಎನ್ನುವವರಿದ್ದಾರೆ. ಕಡಲ ತೀರಕ್ಕಿಂತ ಕಡಿಮೆ ಎಂಬುದು ನಿಜ. ಆದರೆ ಬೀದರ್ ಜಿಲ್ಲೆಯಲ್ಲಿ ಮೂರು ವಿಷಯ ಗಮನಿಸಬೇಕು.

ಒಂದು, ಎರೆ ಮಣ್ಣು. ಕಪ್ಪು ಎರೆ ಮಣ್ಣು ನೀರನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಹೊಲದ ದಾರಿಯಲ್ಲಿ ಓಡಿದ ಕಾರಿನ ಚಕ್ರದ ಗೂಡಿನಲ್ಲಿ ಮೆತ್ತಿದ ಮಣ್ಣು, ಮಳೆ ನಿಂತ ಮೇಲೂ ಒಳಗೆ ಹಸಿಯಾಗೇ ಇರುತ್ತದೆ. ಅಂದರೆ ತಗಡಿಗೆ ಒದ್ದೆ ಬಟ್ಟೆ ಸುತ್ತಿಟ್ಟಂತೆ.

ಎರಡು, ಕಾರು ಎಲ್ಲಿಂದ ಬಂತು ಎಂಬುದು. ಸೆಕೆಂಡ್ ಹ್ಯಾಂಡ್ ಕಾರು ಮುಂಬೈ, ಮಂಗಳೂರು, ಚೆನ್ನೈ ಕಡೆಯದಾದರೆ ಅದು ಉಪ್ಪುಗಾಳಿ ಉಂಡ ಕಾರು. 2005ರ ಮುಂಬೈ ಪ್ರವಾಹ, 2015ರ ಚೆನ್ನೈ ಪ್ರವಾಹದಲ್ಲಿ ಸಾವಿರಾರು ವಾಹನಗಳು ನೀರಲ್ಲಿ ನಿಂತವು. ಕಾರ್ಪೆಟ್ ಎತ್ತಿ, ಸೀಟಿನ ಬೋಲ್ಟ್, ಸ್ಟೆಪ್ನಿ ಇಡುವ ಗುಂಡಿ ನೋಡದೆ ಇಂಥ ಊರುಗಳ ಹಳೇ ಕಾರು ಕೊಳ್ಳಬೇಡಿ.

ಮೂರು, ಕೆಂಪು ಧೂಳು. ಬೀದರ್ ಭಾಗದ ಕೆಂಪು ಜಂಬಿಟ್ಟಿಗೆ ಕಲ್ಲಿಗೆ ಬಣ್ಣ ಬಂದದ್ದೇ ಕಬ್ಬಿಣದ ಆಕ್ಸೈಡಿನಿಂದ. ಅದರ ಧೂಳು ಕಾರಿನ ಅಡಿಗೆ ಮೆತ್ತಿದರೆ ನೋಡಲು ಥೇಟ್ ತುಕ್ಕೇ. ಆದ್ದರಿಂದ ಚೆನ್ನಾಗಿ ತೊಳೆದು, ಒಣಗಿಸಿದ ಮೇಲೆಯೇ ತೀರ್ಮಾನಕ್ಕೆ ಬನ್ನಿ. ಧೂಳನ್ನು ತುಕ್ಕು ಎಂದು ಹೆದರುವುದೂ ತಪ್ಪು, ತುಕ್ಕನ್ನು ಧೂಳು ಎಂದು ಬಿಡುವುದೂ ತಪ್ಪು.

ಈಗ ಒಂದೊಂದೇ ಮಾತು ಪರೀಕ್ಷಿಸೋಣ

ಮಾತು 1: ವೇಸ್ಟ್ ಆಯಿಲ್ ತುಕ್ಕು ತಡೆಯುತ್ತದೆ.

ಅರ್ಧ ಸತ್ಯ. ಎಣ್ಣೆಯ ಪದರ ಇರುವವರೆಗೆ ನೀರು ತಗಡಿಗೆ ತಾಗುವುದಿಲ್ಲ. ಆದರೆ ಒಂದೆರಡು ಮಳೆಗೆ ಅದು ತೊಳೆದುಹೋಗುತ್ತದೆ, ಉಳಿದದ್ದಕ್ಕೆ ಧೂಳು ಅಂಟಿ ಹೆಂಟೆಯಾಗುತ್ತದೆ. ಬಳಸಿದ ಇಂಜಿನ್ ಆಯಿಲ್‌ನಲ್ಲಿ ಇಂಧನ ಉರಿದಾಗ ಹುಟ್ಟಿದ ಆಮ್ಲಗಳು, ಲೋಹದ ಪುಡಿ, ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳು ಇರುತ್ತವೆ. ಸ್ಪ್ರೇ ಮಾಡುವವರ ಚರ್ಮಕ್ಕೂ ಉಸಿರಿಗೂ ಅದು ಹೋಗುತ್ತದೆ. ನಮ್ಮ ದೇಶದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಹೊಲದ ಬದುವಿನಲ್ಲಿ, ಬಾವಿಯ ಪಕ್ಕದಲ್ಲಿ ಸುರಿಯುವ ವಸ್ತು ಅದಲ್ಲ.

ದೊಡ್ಡ ನಷ್ಟ ರಬ್ಬರಿಗೆ. ಸಸ್ಪೆನ್ಷನ್ ಬುಶ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ ನೈಸರ್ಗಿಕ ರಬ್ಬರು ಪೆಟ್ರೋಲಿಯಂ ಎಣ್ಣೆ, ಡೀಸೆಲ್ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಹೊಸ ಬುಶ್ ಹಾಕಿಸಿ, ಮರುವಾರ ಡೀಸೆಲ್ ವಾಷ್ ಮಾಡಿಸಿದರೆ ದುಡ್ಡು ನೀರಿಗೆ ಹಾಕಿದಂತೆ. ಎಣ್ಣೆ ಹನಿ ಬ್ರೇಕ್ ಡಿಸ್ಕ್ ಅಥವಾ ಲೈನರ್ ಮೇಲೆ ಬಿದ್ದರೆ ಬ್ರೇಕ್ ಹಿಡಿಯುವುದಿಲ್ಲ. ಬಿಸಿ ಸೈಲೆನ್ಸರ್ ಮೇಲೆ ಬಿದ್ದರೆ ಹೊಗೆ, ಕೆಲವೊಮ್ಮೆ ಬೆಂಕಿ.

ಮಾತು 2: ಅಂಡರ್‌ಬಾಡಿ ಕೋಟಿಂಗ್ ಹೊಡೆಸಿದರೆ ತುಕ್ಕು ನಿಲ್ಲುತ್ತದೆ.

ಹೊಸ, ಶುದ್ಧ ತಗಡಿಗೆ ಸರಿ. ತುಕ್ಕಿನ ಮೇಲೇ ಹೊಡೆದರೆ ತಪ್ಪು. ದಪ್ಪನೆಯ ಕಪ್ಪು ಪದರದಲ್ಲಿ ಒಂದು ಸಣ್ಣ ಬಿರುಕು ಬಿಟ್ಟರೂ ನೀರು ಒಳಗೆ ಹೊಕ್ಕು ಹೊರಬರಲಾರದೆ ಕೂರುತ್ತದೆ. ಮೇಲೆ ಮಿರಮಿರ, ಒಳಗೆ ಹಪ್ಪಳ. ಮಾರುವ ಮುನ್ನ ಹೊಸದಾಗಿ ಕಪ್ಪು ಬಳಿದ ಹಳೇ ಕಾರು ಕಂಡರೆ ಅನುಮಾನ ಪಡಿ. ಅದು ಆರೈಕೆಯ ಗುರುತೂ ಆಗಿರಬಹುದು, ಮುಚ್ಚಿಡುವ ಉಪಾಯವೂ ಆಗಿರಬಹುದು.

ಮಾತು 3: ಸ್ಪ್ರಿಂಗ್ ಕತ್ತರಿಸಿದರೆ ಹಿಡಿತ ಹೆಚ್ಚುತ್ತದೆ.

ಸುಳ್ಳು, ಅಪಾಯಕಾರಿ ಕೂಡ. ಕೆಲಸ ಮಾಡುವ 6 ಸುತ್ತಿನ ಸ್ಪ್ರಿಂಗಿನಲ್ಲಿ 1 ಸುತ್ತು ಕತ್ತರಿಸಿದರೆ ಅದು ಶೇ 20ರಷ್ಟು ಗಡುಸಾಗುತ್ತದೆ, ಜೊತೆಗೆ ಅದು ಕುಗ್ಗಲು ಇರುವ ಜಾಗವೂ ಕಡಿಮೆಯಾಗುತ್ತದೆ. ಶಾಕ್ ಅಬ್ಸಾರ್ಬರ್ ಮಾತ್ರ ಹಳೇ ಲೆಕ್ಕದ್ದೇ ಇರುತ್ತದೆ. ಕತ್ತರಿಸಿದ ತುದಿ ಬಟ್ಟಲಿನಲ್ಲಿ ಸರಿಯಾಗಿ ಕೂರುವುದಿಲ್ಲ. ಗ್ಯಾಸ್ ಬೆಂಕಿಯಲ್ಲಿ ಕತ್ತರಿಸಿದರೆ ಉಕ್ಕಿನ ಹದವೂ ಕೆಡುತ್ತದೆ. ಹಂಪ್ ಹತ್ತಿದಾಗ ಸ್ಪ್ರಿಂಗ್ ಜಾಗ ತಪ್ಪಬಹುದು, ಮುರಿಯಬಹುದು.

ಇದರ ತಿರುಗಾಮುರುಗಾ ಮಾತು, ಸ್ಪ್ರಿಂಗ್ ಸುತ್ತುಗಳ ನಡುವೆ ರಬ್ಬರ್ ಬಫರ್ ತುರುಕಿ ಕಾರು ಎತ್ತರಿಸುವುದು. ಅಲ್ಲೂ ಕೆಲವು ಸುತ್ತುಗಳ ಕೆಲಸ ನಿಂತು, ಹೊರೆ ಉಳಿದವುಗಳ ಮೇಲೆ ಬೀಳುತ್ತದೆ. ಸ್ಪ್ರಿಂಗ್ ಕುಸಿದಿದ್ದರೆ ಹೊಸ ಸ್ಪ್ರಿಂಗೇ ಮದ್ದು.

ಮಾತು 4: ಕಾರು ಒತ್ತಿ ಬಿಟ್ಟಾಗ ಕುಣಿಯದಿದ್ದರೆ ಶಾಕಪ್ ಚೆನ್ನಾಗಿದೆ.

ಅರ್ಧ ಸತ್ಯ. ಸ್ಪ್ರಿಂಗ್ ಕಾರಿನ ಭಾರ ಹೊರುತ್ತದೆ, ಶಾಕ್ ಅಬ್ಸಾರ್ಬರ್ ಅದರ ಕುಣಿತ ನಿಲ್ಲಿಸುತ್ತದೆ. ಒತ್ತಿ ಬಿಟ್ಟಾಗ ಎರಡು ಮೂರು ಸಲ ಕುಣಿದರೆ ಶಾಕಪ್ ಸತ್ತಿದೆ ಎಂದು ಖಚಿತ. ಕುಣಿಯದಿದ್ದರೆ ಚೆನ್ನಾಗಿದೆ ಎಂದು ಖಚಿತವಲ್ಲ. ಜಂಗು ಹಿಡಿದ ಸ್ಟ್ರಟ್, ಬಿಗಿದುಕೊಂಡ ಬುಶ್ ಕೂಡ ಕುಣಿಯಲು ಬಿಡುವುದಿಲ್ಲ. ಹೊರಗೆ ಎಣ್ಣೆ ಇಳಿದು ಒದ್ದೆಯಾಗಿದೆಯೇ, ರಾಡಿನ ಮೇಲೆ ಗೀರು ಬಿದ್ದಿದೆಯೇ, ಟೈರು ಅಲೆಅಲೆಯಾಗಿ ಸವೆದಿದೆಯೇ ನೋಡಿ. ಸೀಲ್ ಮಾಡಿದ ಕಾರಿನ ಶಾಕಪ್‌ಗೆ ತೂತು ಕೊರೆದು ಎಣ್ಣೆ ತುಂಬಿಸುವುದು ರಿಪೇರಿಯಲ್ಲ. ಒಳಗಿನ ವಾಲ್ವ್ ಸವೆದಿದ್ದರೆ ಎಣ್ಣೆ ಏನೂ ಮಾಡಲಾರದು.

ಮಾತು 5: 15 ವರ್ಷ ದಾಟಿದರೆ ಗುಜರಿಗೆ ಹಾಕಲೇಬೇಕು.

ಕರ್ನಾಟಕದ ಖಾಸಗಿ ಕಾರಿಗೆ ಹಾಗಿಲ್ಲ. 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಎಂಬ ಮಿತಿ ಬಂದದ್ದು ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶದ ಬಗೆಗಿನ ಆದೇಶಗಳಿಂದ. ನಮ್ಮಲ್ಲಿ 15 ವರ್ಷ ಮುಗಿದ ಖಾಸಗಿ ಕಾರನ್ನು ಸಾರಿಗೆ ಕಚೇರಿಯಲ್ಲಿ ತೋರಿಸಿ, ಯೋಗ್ಯ ಎನಿಸಿದರೆ 5 ವರ್ಷಕ್ಕೆ ಆರ್‌ಸಿ ನವೀಕರಿಸಿಕೊಳ್ಳಬಹುದು. ಇದರ ಶುಲ್ಕ 2022ರ ಏಪ್ರಿಲ್‌ನಿಂದ 600ರಿಂದ 5,000 ರೂಪಾಯಿಗೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ರೂಪಾಯಿ ಎಂದು ನಿಗದಿಯಾಯಿತು. ಹಳೇ ಕಾರು ಕೊಳ್ಳುವ ಮುನ್ನ ಈ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಎಂಎಚ್ ಅಥವಾ ಟಿಎಸ್ ನಂಬರಿನ ಕಾರಾದರೆ ಆ ರಾಜ್ಯದ ಎನ್‌ಒಸಿ, ಇಲ್ಲಿನ ತೆರಿಗೆ ಬೇರೆ.

ಇನ್ನೊಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ರೂಪ ಬದಲಾಗುವಂತೆ ಕಾರು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿ ಹಿಡಿದಿದೆ. ಮೂಲದಂತೆ ರಿಪೇರಿ ಮಾಡುವುದಕ್ಕೆ ಅಡ್ಡಿಯಿಲ್ಲ. ಕೋಟಿಂಗ್ ಹೊಡೆಸುವಾಗ ಚಾಸಿ ನಂಬರ್ ಮುಚ್ಚಿಹೋಗದಂತೆ, ಉಜ್ಜಿ ಅಳಿಸಿಹೋಗದಂತೆ ನೋಡಿಕೊಳ್ಳಿ. ಪರಿಶೀಲನೆಗೆ ಅದೇ ಬೇಕು.

ಹಾಗಾದರೆ ಸರಿಯಾದ ಕ್ರಮ ಯಾವುದು?

1. ಮೊದಲು ಪ್ರಾಣ. ಜಾಕ್ ಇರುವುದು ಎತ್ತಲು, ಹಿಡಿದು ನಿಲ್ಲಿಸಲು ಅಲ್ಲ. ಇಟ್ಟಿಗೆ, ಕಲ್ಲು, ಹಳೇ ಡಿಸ್ಕಿನ ಮೇಲೆ ಕಾರು ನಿಲ್ಲಿಸಿ ಅಡಿಗೆ ಮಲಗಬೇಡಿ. ಹೊರೆ ಒಂದೇ ಕಡೆ ಬಿದ್ದರೆ ಇಟ್ಟಿಗೆ ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. ಸಮನಾದ ಗಟ್ಟಿ ನೆಲ, ನಾಲ್ಕು ಜಾಕ್ ಸ್ಟ್ಯಾಂಡ್, ಇಲ್ಲವೇ ಲಿಫ್ಟ್ ಇರುವ ಗ್ಯಾರೇಜು. ಜಾಕ್ ಕೊಡುವ ಜಾಗದಲ್ಲೇ ತುಕ್ಕು ಇದ್ದರೆ ಅಲ್ಲಿ ಎತ್ತಬೇಡಿ.

2. ತೊಳೆದು, ಒಣಗಿಸಿ, ತಟ್ಟಿ ನೋಡಿ. ಬರೀ ನೀರು, ಶಾಂಪೂ ಸಾಕು, ಡೀಸೆಲ್ ಬೇಡ. ಪೂರ್ತಿ ಒಣಗಿದ ಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ಧಪ್ ಎನ್ನುತ್ತದೆ. ಮುಖ್ಯವಾಗಿ ನೋಡಬೇಕಾದ ಜಾಗಗಳು: ಬಾಗಿಲ ಕೆಳಗಿನ ಪಟ್ಟಿ, ಜಾಕ್ ಪಾಯಿಂಟ್, ಚಕ್ರದ ಗೂಡು, ಸ್ಟ್ರಟ್ ಮೇಲ್ತುದಿ ಕೂರುವ ಜಾಗ, ಸ್ಪ್ರಿಂಗ್ ಬಟ್ಟಲು, ಲೋವರ್ ಆರ್ಮ್ ಮತ್ತು ಹಿಂದಿನ ಬೀಮ್ ಬಿಗಿಯುವ ಜಾಗ, ಬ್ರೇಕ್ ಪೈಪು ಹಾದುಹೋಗುವ ಕ್ಲಿಪ್ಪುಗಳು.

3. ತುಕ್ಕಿನ ದರ್ಜೆ ಗುರುತಿಸಿ. ಉಜ್ಜಿದರೆ ಹೋಗಿ ಕೆಳಗೆ ಗಟ್ಟಿ ಲೋಹ ಕಂಡರೆ ಅದು ಮೇಲುಮೇಲಿನದು. ಹಕ್ಕಳೆ ಎದ್ದು ತಗಡು ತೆಳ್ಳಗಾಗಿದ್ದರೆ ಎಚ್ಚರ. ತೂತು ಬಿದ್ದಿದ್ದರೆ ಅದಕ್ಕೆ ಪುಟ್ಟಿ, ಫೈಬರ್ ಮೆತ್ತುವುದು ಕಣ್ಕಟ್ಟು. ಕೊಳೆತದ್ದನ್ನು ಪೂರ್ತಿ ಕತ್ತರಿಸಿ, ಅಷ್ಟೇ ದಪ್ಪದ ಹೊಸ ತಗಡು ಬೆಸೆಯಬೇಕು. ಸಸ್ಪೆನ್ಷನ್ ಬಿಗಿಯುವ ಜಾಗವೇ ಕೊಳೆತಿದ್ದರೆ ಕಾರು ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ. ರಿಪೇರಿ ಖರ್ಚು ಕಾರಿನ ಬೆಲೆ ಮೀರಿದರೆ ಬಿಟ್ಟುಬಿಡುವುದೇ ಜಾಣತನ.

4. ವೆಲ್ಡಿಂಗ್ ಮುನ್ನ ಬ್ಯಾಟರಿ ಕಳಚಿ, ಒಳಗಿನ ಕಾರ್ಪೆಟ್ ಎತ್ತಿ, ಪೆಟ್ರೋಲ್ ಪೈಪು ಮತ್ತು ಟ್ಯಾಂಕ್ ದೂರ ಸರಿಸಿ. “ಟ್ಯಾಂಕ್ ಖಾಲಿ ಇದೆ, ಹೆದರಿಕೆಯಿಲ್ಲ” ಎಂಬ ಮಾತು ನಂಬಬೇಡಿ. ಖಾಲಿ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಆವಿಯೇ ಸಿಡಿಯುವುದು.

5. ರಕ್ಷಣೆಯ ಪದರಗಳು. ವೈರ್ ಬ್ರಷ್‌ನಿಂದ ಉಜ್ಜಿ, ಉಳಿದ ತುಕ್ಕಿಗೆ ರಸ್ಟ್ ಕನ್ವರ್ಟರ್, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಟ್ಟು ಎಪಾಕ್ಸಿ ಪ್ರೈಮರ್, ಬೆಸುಗೆಯ ಸಂದಿಗೆ ಸೀಲರ್, ಕೊನೆಗೆ ಕಲ್ಲೇಟು ತಡೆಯುವ ಕೋಟಿಂಗ್. ಪೂರ್ತಿ ಬರಿ ಉಕ್ಕು ಕಾಣುವಂತೆ ಉಜ್ಜಿದ ಕಡೆ ಸತು ಇರುವ ಪ್ರೈಮರ್ ಒಳ್ಳೆಯದು. ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ನಮ್ಮ ಬಿದ್ರಿ ಕಲೆಯ ಮುಖ್ಯ ಲೋಹವೂ ಇದೇ ಸತು. ಟೊಳ್ಳಾದ ಪಟ್ಟಿಗಳ ಒಳಗೆ ಮೇಣದಂಥ ಕ್ಯಾವಿಟಿ ವ್ಯಾಕ್ಸ್ ಹೋಗಬೇಕು, ಯಾಕೆಂದರೆ ತುಕ್ಕು ಅಲ್ಲಿ ಒಳಗಿನಿಂದಲೇ ಶುರುವಾಗುತ್ತದೆ. ನೀರು ಇಳಿಯುವ ಸಣ್ಣ ತೂತುಗಳನ್ನು ಮಾತ್ರ ಮುಚ್ಚಬೇಡಿ. ರಬ್ಬರ್, ಬ್ರೇಕ್, ಸೈಲೆನ್ಸರಿಗೆ ಕೋಟಿಂಗ್ ತಾಗಬಾರದು.

6. ಸಸ್ಪೆನ್ಷನ್. ಶಾಕಪ್ ಮತ್ತು ಸ್ಪ್ರಿಂಗ್‌ಗಳನ್ನು ಎಡ ಬಲ ಜೋಡಿಯಾಗಿಯೇ ಬದಲಿಸಿ. ಹಳೇ ಎಸ್ಟೀಮ್, ಬಲೆನೊಗಳಲ್ಲಿ ನಾಲ್ಕೂ ಕಡೆ ಸ್ಟ್ರಟ್ ಇರುತ್ತದೆ. ಪಾಲಿಯೊ, ಆಕ್ಟೇವಿಯಾಗಳಲ್ಲಿ ಹಿಂದೆ ಟಾರ್ಷನ್ ಬೀಮ್ ಇರುವುದರಿಂದ ಅಲ್ಲಿ ಬೀಮಿನ ಎರಡು ದೊಡ್ಡ ಬುಶ್‌ಗಳನ್ನೂ ನೋಡಬೇಕು. ಸ್ಟ್ರಟ್ ಬಿಚ್ಚಲು ಸ್ಪ್ರಿಂಗ್ ಕಂಪ್ರೆಸರ್ ಬೇಕೇ ಬೇಕು. ಲೆಕ್ಕ ನೋಡಿ: ಪ್ರತಿ ಮಿ.ಮೀ.ಗೆ 25 ನ್ಯೂಟನ್ ಗಡುಸಿನ ಸ್ಪ್ರಿಂಗನ್ನು 150 ಮಿ.ಮೀ. ಅದುಮಿದರೆ ಒಳಗೆ ಸುಮಾರು 280 ಜೂಲ್ ಶಕ್ತಿ ಕೂಡಿರುತ್ತದೆ. ಅದು 10 ಕೆ.ಜಿ. ಕಲ್ಲು ಸುಮಾರು ಒಂಬತ್ತು ಅಡಿ ಮೇಲಿಂದ ಬಿದ್ದಷ್ಟು. ಹಗ್ಗ, ತಂತಿ ಕಟ್ಟಿ ನಟ್ ಬಿಚ್ಚುವುದು ಹುಡುಗಾಟವಲ್ಲ.

7. ಗ್ಯಾರೇಜಿನಲ್ಲಿ ಮರೆಯುವ ಒಂದು ಹೆಜ್ಜೆ. ರಬ್ಬರ್ ಬುಶ್ ಇರುವ ಆರ್ಮ್ ಬೋಲ್ಟ್‌ಗಳನ್ನು ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಕೊನೆಯ ಬಿಗಿ ಬಿಗಿಯಬಾರದು. ಹಾಗೆ ಬಿಗಿದರೆ ಕಾರು ಕೆಳಗಿಳಿದ ಕೂಡಲೆ ರಬ್ಬರು ತಿರುಚಿಕೊಂಡು ಸದಾ ಎಳೆತದಲ್ಲಿ ಉಳಿದು ಬೇಗ ಹರಿಯುತ್ತದೆ. ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆ, ಕಂಪನಿ ಹೇಳಿದ ಅಳತೆಗೆ ಟಾರ್ಕ್ ರೆಂಚ್‌ನಿಂದ ಬಿಗಿಯಬೇಕು. “ಹೊಸ ಬುಶ್ ಆರು ತಿಂಗಳೂ ಬರಲಿಲ್ಲ” ಎಂಬ ದೂರಿಗೆ ಎಷ್ಟೋ ಸಲ ಕಾರಣ ಇದೇ.

8. ಬ್ರೇಕ್ ಮರೆಯಬೇಡಿ. ತುಕ್ಕು ತಿಂದ ಬ್ರೇಕ್ ಪೈಪು ಜೋರಾಗಿ ಬ್ರೇಕ್ ಒತ್ತಿದ ಗಳಿಗೆಯಲ್ಲೇ ಒಡೆಯುತ್ತದೆ. ಪೈಪು ಕೊರೆದಂತೆ ಕಂಡರೆ ಉಜ್ಜಿ ಬಣ್ಣ ಬಳಿಯಬೇಡಿ, ಬದಲಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಆದ್ದರಿಂದ ಎರಡು ವರ್ಷಕ್ಕೊಮ್ಮೆ ಹೊಸದು ಹಾಕಿಸಿ. ಎಲ್ಲ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್. ಟೈರಿನ ವಯಸ್ಸನ್ನೂ ನೋಡಿ: ಬದಿಯಲ್ಲಿ 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು.

ಬಿಡಿಭಾಗ ಎಲ್ಲಿ, ಯಾವುದು?

ಮಾರುತಿ, ಹೋಂಡಾ ಭಾಗಗಳು ಹೋಲಿಕೆಯಲ್ಲಿ ಸುಲಭ. ಪಾಲಿಯೊ, ಆಕ್ಟೇವಿಯಾ ಆರ್‌ಎಸ್‌ಗಳಿಗೆ ಹೈದರಾಬಾದ್, ಪುಣೆ, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹುಡುಕಬೇಕಾಗುತ್ತದೆ. ಬಾಗಿಲು, ಬಂಪರ್, ಸೀಟು ಗುಜರಿಯಿಂದ ತಂದರೆ ತೊಂದರೆಯಿಲ್ಲ. ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಶಾಕಪ್, ಬ್ರೇಕ್ ಭಾಗ, ರಬ್ಬರ್ ಬುಶ್ ಮಾತ್ರ ಹೊಸದೇ ಇರಲಿ. ಬಿಲ್ ಕೇಳಿ ಪಡೆಯಿರಿ. ಪಾರ್ಟ್ ನಂಬರ್ ನಿಮ್ಮ ಕಾರಿನ ಮಾಡೆಲ್, ವರ್ಷಕ್ಕೆ ಹೊಂದುತ್ತದೆಯೇ ನೋಡಿ. ಒಂದೇ ಹೆಸರಿನ ಕಾರಿನಲ್ಲೂ ಇಂಜಿನ್ ಬೇರೆಯಾದರೆ ಸ್ಪ್ರಿಂಗ್ ಬೇರೆ ಇರಬಹುದು. ಬಲೆನೊ ಎಂದು ಕೇಳಿದರೆ 2015ರ ನಂತರದ ಹೊಸ ಬಲೆನೊದ ಭಾಗ ಕೊಟ್ಟುಬಿಟ್ಟಾರು, ಅದು ಬೇರೆಯೇ ಕಾರು.

ಲಾರಿ ಕೆಲಸದಲ್ಲಿ ಪಳಗಿದ ನಮ್ಮ ಮೇಸ್ತ್ರಿಗಳ ಕೈ ಕಡಿಮೆಯದಲ್ಲ. ತಗಡು ಬೆಸೆಯುವುದರಲ್ಲಿ ಅವರ ಅನುಭವ ದೊಡ್ಡದು. ಆದರೆ ಕಾರಿನ ತೆಳು ತಗಡಿಗೆ ಲಾರಿಯ ವೆಲ್ಡಿಂಗ್ ರಾಡ್ ಹಿಡಿದರೆ ತೂತು ಬೀಳುತ್ತದೆ. ತೆಳು ತಗಡಿಗೆ ತಕ್ಕ ಮಿಗ್ ವೆಲ್ಡಿಂಗ್ ಇದೆಯೇ, ಸ್ಪ್ರಿಂಗ್ ಕಂಪ್ರೆಸರ್, ಟಾರ್ಕ್ ರೆಂಚ್ ಇದೆಯೇ ಎಂದು ಕೇಳಿ ನೋಡಿ. ಉತ್ತರ ಕೇಳಿದರೆ ಗ್ಯಾರೇಜ್ ಹೇಗಿದೆ ಎಂದು ಗೊತ್ತಾಗುತ್ತದೆ.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ

• ಕಾರಿನ ಅಡಿಗೆ ವೇಸ್ಟ್ ಆಯಿಲ್, ಡೀಸೆಲ್ ಬೇಡ. ರಬ್ಬರು, ಬ್ರೇಕ್ ಎರಡಕ್ಕೂ ಕೆಡುಕು.
• ತುಕ್ಕಿನ ಮೇಲೆ ಕೋಟಿಂಗ್ ಹೊಡೆಸುವುದು ರಿಪೇರಿಯಲ್ಲ.
• ಸ್ಪ್ರಿಂಗ್ ಕತ್ತರಿಸಬೇಡಿ, ಬಫರ್ ತುರುಕಬೇಡಿ.
• ಬರೀ ಜಾಕ್ ನಂಬಿ ಕಾರಿನ ಅಡಿಗೆ ಹೋಗಬೇಡಿ.
• ಮಳೆಗಾಲದಲ್ಲಿ ಹೊಲದ ದಾರಿಯಿಂದ ಬಂದ ಮೇಲೆ ಚಕ್ರದ ಗೂಡಿನ ಎರೆ ಮಣ್ಣು ತೊಳೆಯಿರಿ. ತುಕ್ಕು ತಡೆಯುವ ಅತಿ ಅಗ್ಗದ ಉಪಾಯ ಇದೇ: ಒಂದು ಪೈಪು, ಹತ್ತು ನಿಮಿಷ, ಬರೀ ನೀರು.